ಒಂದೇ ತೀರ, ಹತ್ತು ಕೈ: ಕರಾವಳಿ ಚಿತ್ರಗಳ ಸಮೂಹ ಪ್ರದರ್ಶನ ನೋಡುವುದು ಹೇಗೆ?

"ಕರಾವಳಿ ಭೂದೃಶ್ಯದಿಂದ ಪ್ರೇರಿತ ಸಮೂಹ ಕಲಾ ಪ್ರದರ್ಶನ. ಎಲ್ಲರಿಗೂ ಸ್ವಾಗತ."

ಇಂಥದ್ದೊಂದು ಆಮಂತ್ರಣ ನಿಮ್ಮ ಬಡಾವಣೆಯ ವಾಟ್ಸಾಪ್ ಗುಂಪಿಗೆ ಬಂತು ಅನ್ನಿ. ಮಕ್ಕಳ ಡ್ರಾಯಿಂಗ್ ಮಾಸ್ತರು 'ನೋಡಿ ಬರ್ರಿ' ಎಂದು ಹೇಳಿ ಕಳಿಸಿರುತ್ತಾರೆ. ಹೋಗಬೇಕು ಅನಿಸುತ್ತದೆ. ಆದರೆ ಒಳಗೆ ಕಾಲಿಟ್ಟ ಮೇಲೆ ಏನು ನೋಡಬೇಕು? ಒಂದು ಚಿತ್ರದಲ್ಲಿ ದೋಣಿ, ಮರಳು, ತೆಂಗು ಎಲ್ಲ ಸರಿಯಾಗಿ ಕಾಣುತ್ತವೆ. ಪಕ್ಕದ ಚಿತ್ರದಲ್ಲಿ ಮೂರು ಬಣ್ಣದ ಪಟ್ಟೆಗಳಷ್ಟೇ ಇವೆ, ಅದಕ್ಕೂ 'ಗೋಕರ್ಣ' ಎಂದು ಹೆಸರು. ಯಾಕೆ ಹೀಗೆ? ಶಾಲೆಯಲ್ಲಿ ಚಿತ್ರ ಬಿಡಿಸುವುದನ್ನು ಕಲಿಸುತ್ತಾರೆ, ನೋಡುವುದನ್ನು ಕಲಿಸುವುದು ಕಡಿಮೆ.

ಬೆಳಗಾವಿ, ಬಾಗಲಕೋಟೆ, ವಿಜಯಪುರದ ನಮಗೆ ಇನ್ನೊಂದು ತೊಡಕಿದೆ. ನಮ್ಮ ಮೂರೂ ಜಿಲ್ಲೆಗಳಿಗೆ ಸಮುದ್ರವಿಲ್ಲ. ನಾವು ಕಡಲನ್ನು ನೋಡುವುದು ರಜೆಯಲ್ಲಿ, ಒಂದೆರಡು ದಿನ, ಅದೂ ಹೆಚ್ಚಾಗಿ ಸಂಜೆ ಹೊತ್ತು. ಹಾಗಾಗಿ ಚಿತ್ರದಲ್ಲಿ ಕಡಲು ನೀಲಿಯಾಗಿ ಕಾಣದೆ ಕೆಂಪಾಗಿಯೋ ಬೂದಿ ಬಣ್ಣದ್ದಾಗಿಯೋ ಕಂಡರೆ 'ಇದು ತಪ್ಪು' ಅನಿಸಿಬಿಡುತ್ತದೆ. ಅದು ತಪ್ಪಲ್ಲ. ಬಹಳ ಸಲ ಅದೇ ಸರಿ.

ಸಮೂಹ ಪ್ರದರ್ಶನ ಅಂದರೆ ಏನು?

ಒಬ್ಬರೇ ಕಲಾವಿದರ ಚಿತ್ರಗಳಿದ್ದರೆ ಅದು ಏಕವ್ಯಕ್ತಿ ಪ್ರದರ್ಶನ. ಹಲವರದ್ದಿದ್ದರೆ ಸಮೂಹ ಪ್ರದರ್ಶನ. ಕಲಾವಿದರು ಮಾತಿನಲ್ಲಿ 'ಗ್ರೂಪ್ ಶೋ' ಎನ್ನುತ್ತಾರೆ. ಗುಂಪು ಕೂಡುವುದಕ್ಕೆ ಒಂದು ಕಾರಣ ಖರ್ಚು. ಹಾಲ್ ಬಾಡಿಗೆ, ಫ್ರೇಮು, ಸಾಗಾಟ, ಆಮಂತ್ರಣ ಪತ್ರಿಕೆ ಎಲ್ಲ ಸೇರಿದರೆ ಒಬ್ಬರಿಗೆ ಭಾರವಾಗುತ್ತದೆ, ಹತ್ತು ಜನ ಹಂಚಿಕೊಂಡರೆ ಹಗುರ.

ಇನ್ನೊಂದು ಕಾರಣ ನೋಡುಗರಿಗೆ ಸಂಬಂಧಿಸಿದ್ದು. ನಮ್ಮ ಕಡೆ ಶ್ರೀಕೃಷ್ಣ ಪಾರಿಜಾತದ ಆಟ ನೋಡಲು ಹೋಗುವವರಿಗೆ ಕಥೆ ಮೊದಲೇ ಗೊತ್ತಿರುತ್ತದೆ. ಆದರೂ ರಾತ್ರಿಯಿಡೀ ಕೂರುತ್ತಾರೆ. ಯಾಕೆಂದರೆ ಅವರು ಕಥೆ ತಿಳಿಯಲು ಬಂದಿರುವುದಿಲ್ಲ. ಈ ಮೇಳದ ಸತ್ಯಭಾಮೆ ಹೇಗೆ ಸಿಟ್ಟಾಗುತ್ತಾಳೆ, ಈ ಊರಿನ ಕೊರವಂಜಿ ಹೇಗೆ ಮಾತಾಡುತ್ತಾಳೆ ಎಂದು ನೋಡಲು ಬಂದಿರುತ್ತಾರೆ. ಒಂದೇ ವಿಷಯದ ಸಮೂಹ ಪ್ರದರ್ಶನವೂ ಹೀಗೆಯೇ. ಕಡಲು ಎಲ್ಲರಿಗೂ ಅದೇ. ಯಾರು ಅದರಿಂದ ಏನನ್ನು ಆರಿಸಿಕೊಂಡರು, ಏನನ್ನು ಬಿಟ್ಟರು ಎಂಬುದೇ ಇಲ್ಲಿ ನೋಡುವ ಸಂಗತಿ.

ಹಾಗಾಗಿ ಇಂಥ ಪ್ರದರ್ಶನದಲ್ಲಿ ಒಂದೊಂದೇ ಚಿತ್ರ ನೋಡಿ ಮುಂದೆ ಹೋಗುವುದಕ್ಕಿಂತ ಎರಡೆರಡನ್ನು ಜೋಡಿ ಮಾಡಿ ನೋಡುವುದು ಒಳ್ಳೆಯದು. ಯಾವ ಚಿತ್ರ ಯಾವುದರ ಪಕ್ಕ ಇರಬೇಕು ಎಂದು ಯೋಚಿಸಿ ತೂಗುಹಾಕುವವರು ಒಬ್ಬರಿರುತ್ತಾರೆ. ಅವರಿಗೆ 'ಕ್ಯುರೇಟರ್' ಎಂದು ಹೆಸರು. ಸಣ್ಣ ಊರಿನ ಪ್ರದರ್ಶನಗಳಲ್ಲಿ ಆ ಕೆಲಸವನ್ನು ಗುಂಪಿನ ಹಿರಿಯ ಕಲಾವಿದರೇ ಮಾಡುತ್ತಾರೆ. ಒಂದು ಬಿರುಮಳೆಯ ಕಡಲಿನ ಪಕ್ಕದಲ್ಲೇ ಒಂದು ಬೇಸಿಗೆಯ ಖಾಲಿ ಮರಳು ಇದ್ದರೆ ಅದು ಸುಮ್ನೆ ಹಾಗೆ ಬಂದಿರುವುದಿಲ್ಲ.

ಇತಿಹಾಸದಲ್ಲಿ ಬಹುಶಃ ಅತಿ ಹೆಚ್ಚು ಚರ್ಚೆಯಾದ ಸಮೂಹ ಪ್ರದರ್ಶನಕ್ಕೂ ಒಂದು ಕಡಲ ಚಿತ್ರಕ್ಕೂ ನಂಟಿದೆ. 1874ರ ಏಪ್ರಿಲ್‌ನಲ್ಲಿ ಪ್ಯಾರಿಸ್‌ನಲ್ಲಿ ಸುಮಾರು 30 ಕಲಾವಿದರು ಸರ್ಕಾರಿ ಪ್ರದರ್ಶನದ ಹಂಗು ಬಿಟ್ಟು ತಾವೇ ಒಂದು ಪ್ರದರ್ಶನ ಮಾಡಿದರು. ಅಲ್ಲಿ ಕ್ಲಾದ್ ಮೊನೆ ಅವರ ಒಂದು ಚಿತ್ರವಿತ್ತು. ಫ್ರಾನ್ಸಿನ ಲ ಆವ್ರ್ ಬಂದರಿನ ಬೆಳಗು, ಮಂಜು, ಕಿತ್ತಳೆ ಬಣ್ಣದ ಸೂರ್ಯ, ಎರಡು ಮೂರು ದೋಣಿಗಳ ನೆರಳು. ಹೆಸರು 'ಇಂಪ್ರೆಶನ್, ಸೂರ್ಯೋದಯ'. 'ಇಂಪ್ರೆಶನ್', ಅಂದರೆ ಮನಸ್ಸಿನ ಮೇಲೆ ಮೂಡಿದ ಛಾಪು, ಎಂಬ ಆ ಹೆಸರನ್ನೇ ಹಿಡಿದು, ಇದು ಅರ್ಧಕ್ಕೆ ಬಿಟ್ಟ ಚಿತ್ರ ಎಂದು ಒಬ್ಬ ವಿಮರ್ಶಕ ಪತ್ರಿಕೆಯಲ್ಲಿ ಹಂಗಿಸಿದ. ಆ ಹಂಗಿಸಿದ ಮಾತೇ ಮುಂದೆ 'ಇಂಪ್ರೆಶನಿಸಂ' ಎಂಬ ಇಡೀ ಚಿತ್ರಪಂಥದ ಹೆಸರಾಯಿತು.

ಅಲ್ಲಿಯ ಬೆಳಕು ನಮ್ಮ ಬೆಳಕಲ್ಲ

ಬಯಲುಸೀಮೆಯ ಕಲಾವಿದರು ಕಾಗದ, ಬಣ್ಣ ಕಟ್ಟಿಕೊಂಡು ಕರಾವಳಿಗೆ ಯಾಕೆ ಹೋಗುತ್ತಾರೆ? ತೆಂಗಿನ ಮರಕ್ಕಾಗಿಯಂತೂ ಅಲ್ಲ. ಹೆಚ್ಚಾಗಿ ಬೆಳಕಿಗಾಗಿ.

ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಚೋರ್ಲಾ ಘಾಟಿಯನ್ನೋ ಅಂಬೋಲಿಯನ್ನೋ ಇಳಿದರೆ ನೂರು ಕಿಲೋಮೀಟರ್ ಚಿಲ್ಲರೆ ದೂರದಲ್ಲಿ ಕಡಲು ಸಿಗುತ್ತದೆ. ಆ ಇಳಿಜಾರಿನಲ್ಲಿ ಹವೆ ಪೂರ್ತಿ ಬದಲಾಗುತ್ತದೆ. ವಿಜಯಪುರದಲ್ಲಿ ಜನವರಿಯ ಬೆಳಗ್ಗೆ ನಿಂತು ನೋಡಿ. ಗಾಳಿ ಒಣಗಿರುತ್ತದೆ. ಬಹಳ ದೂರದಿಂದಲೇ ಗೋಳಗುಮ್ಮಟದ ಅಂಚು ಚೂಪಾಗಿ ಕಾಣುತ್ತದೆ. ನೆರಳು ಕಡುಕಪ್ಪು, ಬಿಸಿಲು ಕಡುಬಿಳುಪು. ನಡುವೆ ಮೆತ್ತನೆಯದು ಏನೂ ಇಲ್ಲ.

ಕರಾವಳಿಯ ಗಾಳಿಯಲ್ಲಿ ನೀರಿನ ಅಂಶ ಜಾಸ್ತಿ. ಅಲೆ ಒಡೆದಾಗ ಹಾರುವ ಹನಿ ಒಣಗಿ ಉಪ್ಪಿನ ಸಣ್ಣ ಕಣವಾಗಿ ಗಾಳಿಯಲ್ಲಿ ಉಳಿಯುತ್ತದೆ. ಆ ಕಣ ತೇವ ಹೀರಿ ಉಬ್ಬುತ್ತದೆ. ಅದಕ್ಕೆ ಬಡಿದ ಬೆಳಕು ಎಲ್ಲ ದಿಕ್ಕಿಗೂ ಚದುರುತ್ತದೆ. ಹಾಗಾಗಿ ದೂರದ ಗುಡ್ಡ ಹಸಿರಾಗಿ ಕಾಣದೆ ತೆಳು ನೀಲಿ-ಬೂದಿಯಾಗಿ ಕಾಣುತ್ತದೆ. ಅದರಾಚೆಯ ಗುಡ್ಡ ಇನ್ನೂ ತೆಳು. ಮೂರನೆಯದು ಆಕಾಶದಲ್ಲಿ ಕರಗಿಯೇ ಹೋಗುತ್ತದೆ. ಚಿತ್ರದಲ್ಲಿ ದೂರವನ್ನು ತೋರಿಸಲು ಕಲಾವಿದರು ಇದನ್ನೇ ಬಳಸುತ್ತಾರೆ. ಹತ್ತಿರದ್ದಕ್ಕೆ ದಟ್ಟ ಬಣ್ಣ, ದೂರದ್ದಕ್ಕೆ ನೀರು ಬೆರೆಸಿದ ಮಸುಕು ಬಣ್ಣ. ಕಾರವಾರದ ಕಡೆಯ ಚಿತ್ರಗಳಲ್ಲಿ ಇದು ಎದ್ದು ಕಾಣುತ್ತದೆ, ಯಾಕೆಂದರೆ ಅಲ್ಲಿ ಸಹ್ಯಾದ್ರಿಯ ಬೆಟ್ಟಗಳು ಕಡಲಿನ ಹತ್ತಿರದವರೆಗೂ ಬಂದಿವೆ, ಕಡಲಿನಲ್ಲಿ ಕೂರ್ಮಗಡದಂಥ ದ್ವೀಪಗಳೂ ಇವೆ. ಒಂದರ ಹಿಂದೆ ಒಂದು ಪದರ.

ಇನ್ನೊಂದು ಬೆಳಕು ಕೆಳಗಿನಿಂದ ಬರುತ್ತದೆ. ಒಣ ಮರಳು ಬಿಸಿಲನ್ನು ಮೇಲಕ್ಕೆ ಚಿಮ್ಮಿಸುತ್ತದೆ. ಆದ್ದರಿಂದ ದಡಕ್ಕೆ ಎಳೆದಿಟ್ಟ ದೋಣಿಯ ಕೆಳಮೈ ಪೂರ್ತಿ ಕತ್ತಲಾಗಿರುವುದಿಲ್ಲ. ಅಲ್ಲೊಂದು ಬೆಚ್ಚಗಿನ ಕಂದು ಹೊಳಪು ಇರುತ್ತದೆ. ಮರಳಿನ ಮೇಲೆ ಬಿದ್ದ ನೆರಳಿನ ಬಣ್ಣ ಗಮನಿಸಿ. ಅದು ಸ್ವಲ್ಪ ನೀಲಿ. ಸೂರ್ಯನ ನೇರ ಬೆಳಕು ತಲುಪದ ಜಾಗಕ್ಕೆ ನೀಲಿ ಆಕಾಶದ ಬೆಳಕಷ್ಟೇ ತಲುಪುತ್ತದೆ, ಅದಕ್ಕೆ. ಚಿತ್ರದಲ್ಲಿ ನೇರಳೆ ಬಣ್ಣದ ನೆರಳು ಕಂಡು 'ಇದೆಲ್ಲ ಕಲ್ಪನೆ' ಎನ್ನುವವರು ಮುಂದಿನ ಸಲ ದಡದಲ್ಲಿ ತಮ್ಮದೇ ನೆರಳನ್ನು ನೋಡಿಕೊಳ್ಳಬಹುದು.

ಹೊತ್ತು ಕೂಡ ಮುಖ್ಯ. ನಮ್ಮ ರಾಜ್ಯದ ಕಡಲು ಪಶ್ಚಿಮಕ್ಕಿದೆ. ಸೂರ್ಯ ಬೆಟ್ಟದ ಹಿಂದಿನಿಂದ ಬರುತ್ತಾನೆ, ನೀರಿನಲ್ಲಿ ಮುಳುಗುತ್ತಾನೆ. ಬೆಳಗ್ಗೆ ದಡದಲ್ಲಿ ಕಡಲಿಗೆ ಮುಖ ಮಾಡಿ ನಿಂತರೆ ಬೆಳಕು ಬೆನ್ನ ಹಿಂದಿನಿಂದ ಬಂದು ದೋಣಿಗಳ ಮೇಲೆ ನೇರವಾಗಿ ಬೀಳುತ್ತದೆ. ಆಗ ದೋಣಿಯ ಕೆಂಪು, ಹಸಿರು ಪಟ್ಟೆಗಳು ಸ್ಪಷ್ಟ. ಸಂಜೆ ಬೆಳಕು ಎದುರಿನಿಂದ ಬರುತ್ತದೆ. ಅದೇ ದೋಣಿ ಕಪ್ಪು ಆಕಾರವಾಗಿ ಬಿಡುತ್ತದೆ, ಬಣ್ಣವೆಲ್ಲ ಆಕಾಶಕ್ಕೂ ನೀರಿಗೂ ಹೋಗುತ್ತದೆ. ಆದ್ದರಿಂದ ಚಿತ್ರದಲ್ಲಿ ಸೂರ್ಯ ಇಲ್ಲದಿದ್ದರೂ ಅದು ಬೆಳಗೋ ಸಂಜೆಯೋ ಎಂದು ದೋಣಿ ನೋಡಿ ಹೇಳಬಹುದು. ಮಕ್ಕಳನ್ನು ಕರೆದುಕೊಂಡು ಹೋದರೆ ಈ ಪ್ರಶ್ನೆ ಕೇಳಿ. ಅವರು ನಮಗಿಂತ ಬೇಗ ಹೇಳುತ್ತಾರೆ.

ನೀರಿಗೆ ಯಾವ ಬಣ್ಣ?

ನೀರು ಕೆಂಪು ಬೆಳಕನ್ನು ಹೆಚ್ಚು ಹೀರಿಕೊಳ್ಳುತ್ತದೆ, ನೀಲಿಯನ್ನು ಕಡಿಮೆ. ಆಳ ಹೆಚ್ಚಿದಷ್ಟೂ ಉಳಿಯುವುದು ನೀಲಿ. ದಡದ ಹತ್ತಿರ ಆಳ ಕಡಿಮೆ, ಕೆಳಗೆ ಮರಳು, ನೀರಿನಲ್ಲಿ ಸಣ್ಣ ಜೀವಿಗಳು. ಹಾಗಾಗಿ ಹಸಿರು ಛಾಯೆ. ಇದು ಬೇಸಿಗೆಯ ಮಾತು.

ಜೂನ್‌ನಿಂದ ಲೆಕ್ಕ ಬದಲಾಗುತ್ತದೆ. ಉತ್ತರ ಕನ್ನಡದಲ್ಲಿ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನದಿಗಳು ಬೆಟ್ಟದ ಕೆಂಪು ಮಣ್ಣನ್ನು ಹೊತ್ತು ತಂದು ಕಡಲಿಗೆ ಸುರಿಯುತ್ತವೆ. ನದಿ ಬಾಯಿಯ ಸುತ್ತ ನೀರು ಕೆಂಗಂದು. ಮೇಲೆ ಬೂದಿ ಮೋಡ. ಮಳೆಗಾಲದ ಕರಾವಳಿ ಚಿತ್ರದಲ್ಲಿ ನೀಲಿ ಬಣ್ಣವೇ ಇಲ್ಲದಿರಬಹುದು, ಅದು ಕಣ್ಣಾರೆ ಕಂಡು ಬಿಡಿಸಿದ್ದು ಎಂಬುದಕ್ಕೆ ಅದೇ ಸಾಕ್ಷಿ. ಖಾನಾಪುರ ತಾಲ್ಲೂಕಿನ ಮಳೆನೀರಿಗೂ ಇದರಲ್ಲಿ ಪಾಲಿದೆ. ಅಲ್ಲಿ ಹುಟ್ಟುವ ಮಹದಾಯಿ ಪಶ್ಚಿಮಕ್ಕೆ ಇಳಿದು ಗೋವಾದಲ್ಲಿ ಮಾಂಡೋವಿಯಾಗಿ ಪಣಜಿಯ ಬಳಿ ಕಡಲು ಸೇರುತ್ತದೆ. 

ನೀರಿನ ಮೇಲೆ ಆಕಾಶದ ಪ್ರತಿಬಿಂಬವೂ ಇದೆ. ಕಾಲ ಬುಡದ ನೀರನ್ನು ನೇರ ಕೆಳಗೆ ನೋಡಿದರೆ ತಳದ ಮರಳು ಕಾಣುತ್ತದೆ. ದೂರದ ನೀರನ್ನು ಓರೆಯಾಗಿ ನೋಡಿದರೆ ಆಕಾಶವೇ ಕಾಣುತ್ತದೆ. ಒಂದೇ ಕಡಲು, ಒಂದೇ ಕ್ಷಣ, ಹತ್ತಿರ ಒಂದು ಬಣ್ಣ, ದೂರ ಇನ್ನೊಂದು. ಪಳಗಿದ ಕಲಾವಿದರು ನೀರಿಗೆ ಒಂದೇ ಬಣ್ಣ ಬಳಿಯುವುದಿಲ್ಲ. ಅಲೆ ಹಿಂದೆ ಸರಿದ ಒದ್ದೆ ಮರಳನ್ನು ಯಾರು ಹೇಗೆ ಬಿಡಿಸಿದ್ದಾರೆ ನೋಡಿ. ಅದು ಮರಳೂ ಹೌದು, ಆಕಾಶವೂ ಹೌದು. ನನ್ನ ಮಟ್ಟಿಗೆ ಇಡೀ ಕರಾವಳಿ ಚಿತ್ರದಲ್ಲಿ ಅತಿ ಕಷ್ಟದ ಜಾಗ ಅದು.

ಮರಳಿನ ಬಣ್ಣವೂ ಎಲ್ಲ ಕಡೆ ಒಂದೇ ಅಲ್ಲ. ಕಾರವಾರದ ಮಾಜಾಳಿ ಬಳಿಯ ತಿಳಮಾತಿ ತೀರದಲ್ಲಿ ಮರಳು ಕಪ್ಪು.

ದಿಗಂತದ ಗೆರೆ

ಕಡಲೂ ಆಕಾಶವೂ ಸೇರುವಂತೆ ಕಾಣುವ ಗೆರೆಯೇ ದಿಗಂತ. ಅದು ಯಾವಾಗಲೂ ನಮ್ಮ ಕಣ್ಣಿನ ಮಟ್ಟದಲ್ಲೇ ಕಾಣುತ್ತದೆ. ನಿಂತರೆ ಗೆರೆಯೂ ಏರುತ್ತದೆ, ಕುಳಿತರೆ ಇಳಿಯುತ್ತದೆ. ದಡದಲ್ಲಿ ನಿಂತವರಿಗೆ ದಿಗಂತ ಬರೀ ನಾಲ್ಕೂವರೆ-ಐದು ಕಿಲೋಮೀಟರ್ ದೂರದಲ್ಲಿರುತ್ತದೆ. ನೂರು ಮೀಟರ್ ಎತ್ತರದ ಗುಡ್ಡ ಹತ್ತಿದರೆ ಅದು ಸುಮಾರು 36 ಕಿಲೋಮೀಟರ್‌ಗೆ ಸರಿಯುತ್ತದೆ.

ಇದರಿಂದ ಒಂದು ಮಜಾ ಸಿಗುತ್ತದೆ. ಚಿತ್ರದಲ್ಲಿ ದಡದ ಮೇಲೆ ಜನ ನಿಂತಿದ್ದಾರೆ ಎನ್ನೋಣ. ದಿಗಂತದ ಗೆರೆ ಅವರೆಲ್ಲರ ಕಣ್ಣಿನ ಎತ್ತರದಲ್ಲಿ ಹಾದು ಹೋಗಿದ್ದರೆ ಕಲಾವಿದರು ನಿಂತು ಬಿಡಿಸಿದ್ದಾರೆ. ಸೊಂಟದ ಹತ್ತಿರ ಹಾದು ಹೋಗಿದ್ದರೆ ಮರಳಿನಲ್ಲಿ ಕುಳಿತು ಬಿಡಿಸಿದ್ದಾರೆ. ಎಲ್ಲರ ತಲೆಯ ಮೇಲೆ ತುಂಬ ಎತ್ತರದಲ್ಲಿದ್ದರೆ ಗುಡ್ಡದ ಮೇಲಿನಿಂದ ನೋಡಿದ್ದಾರೆ.

ಗೆರೆಯನ್ನು ಹಾಳೆಯ ಯಾವ ಭಾಗದಲ್ಲಿ ಇಡಬೇಕು ಎಂಬುದು ಅವರ ಆಯ್ಕೆ. ಕೆಳಗಿಟ್ಟರೆ ಚಿತ್ರ ಮೋಡದ್ದು. ಮೇಲಿಟ್ಟರೆ ಚಿತ್ರ ಮರಳಿನದ್ದು, ಬಲೆಯದ್ದು, ಜನರದ್ದು. ಕೆಲವರು ಗೆರೆಯನ್ನೇ ತೆಗೆದುಬಿಡುತ್ತಾರೆ. ಮಳೆ ಕವಿದಾಗ ನಿಜಕ್ಕೂ ಆ ಗೆರೆ ಇರುವುದಿಲ್ಲ, ಅಲ್ವಾ?

'ಪ್ರೇರಿತ' ಎಂದರೆ ಎಷ್ಟು ದೂರ?

ಭೂದೃಶ್ಯ ಎಂದರೆ ನೆಲ, ನೀರು, ಆಕಾಶ, ಮರಗಳೇ ಮುಖ್ಯವಾಗಿರುವ ಚಿತ್ರ. ಕಲಾವಿದರು 'ಲ್ಯಾಂಡ್‌ಸ್ಕೇಪ್' ಎಂದೇ ಹೇಳುವುದು ರೂಢಿ. ಜಾಗಕ್ಕೆ ಹೋಗಿ ಅಲ್ಲೇ ಕುಳಿತು ಬಿಡಿಸಿದರೆ ಅದಕ್ಕೆ 'ಆನ್ ದ ಸ್ಪಾಟ್' ಎನ್ನುತ್ತಾರೆ. ಅದರಲ್ಲಿ ಅವಸರ ಇರುತ್ತದೆ. ಎರಡು ತಾಸಿನೊಳಗೆ ನೆರಳು ಜಾಗ ಬದಲಿಸುತ್ತದೆ, ಉಬ್ಬರದ ನೀರು ಕಾಲ ಹತ್ತಿರ ಬರುತ್ತದೆ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದರಿಂದ ಇನ್ನೊಂದಕ್ಕೆ ಆರು ತಾಸಿಗಿಂತ ಸ್ವಲ್ಪ ಜಾಸ್ತಿ. ಮರುದಿನ ಅದೇ ಹೊತ್ತಿಗೆ ಅದೇ ಜಾಗಕ್ಕೆ ಬಂದರೂ ನೀರು ಅದೇ ಮಟ್ಟದಲ್ಲಿ ಇರುವುದಿಲ್ಲ, ಯಾಕೆಂದರೆ ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ.

ಇನ್ನು ಕೆಲವರು ಅಲ್ಲಿ ಪೆನ್ಸಿಲ್ ಗೆರೆ ಹಾಕಿಕೊಂಡು, ಫೋಟೊ ತೆಗೆದುಕೊಂಡು ಬಂದು ಮನೆಯಲ್ಲಿ ಬಿಡಿಸುತ್ತಾರೆ. ಅವರಿಗೆ ಸಮಯ ಸಿಗುತ್ತದೆ, ದೋಣಿಯನ್ನು ಎಡಕ್ಕೆ ಸರಿಸಬಹುದು, ಬೇಡದ ಕಂಬ ತೆಗೆಯಬಹುದು.

ಮೂರನೆಯ ಬಗೆಯವರು ಕಡಲನ್ನು ನೆನಪಿನಿಂದ ಬಿಡಿಸುತ್ತಾರೆ. ಮೂರು ಪಟ್ಟೆಗಳ 'ಗೋಕರ್ಣ' ಇಲ್ಲಿ ಬರುತ್ತದೆ. ಇದು ಅಮೂರ್ತ ಚಿತ್ರ. ಅಂದರೆ ವಸ್ತುಗಳ ಆಕಾರ ಬಿಟ್ಟು ಬಣ್ಣ, ಗೆರೆ, ತೂಕ ಇವನ್ನಷ್ಟೇ ಇಟ್ಟುಕೊಂಡದ್ದು. ಇದನ್ನು ಒಗಟು ಎಂದುಕೊಂಡು ಬಿಡಿಸಲು ಹೋಗಬೇಡಿ, ಒಳಗೆ ಉತ್ತರ ಅಡಗಿರುವುದಿಲ್ಲ. ಮೇಲಿನ ಪಟ್ಟೆ ಕೆಳಗಿನದ್ದನ್ನು ಒತ್ತುತ್ತಿದೆಯೋ, ಎರಡರ ನಡುವಿನ ಅಂಚು ಚೂಪೋ ಮಸುಕೋ, ಹತ್ತಿರ ಹೋದರೆ ಒಂದೇ ಬಣ್ಣ ಅನಿಸಿದ್ದರಲ್ಲಿ ಎಷ್ಟು ಬಣ್ಣಗಳಿವೆ ಎಂದು ನೋಡಿ. ಆಮೇಲೆ ಪಕ್ಕದ ನೈಜ ಚಿತ್ರಕ್ಕೆ ಬನ್ನಿ. ಅದರಲ್ಲೂ ಅದೇ ಮೂರು ಪಟ್ಟೆ ಇರುತ್ತವೆ: ಆಕಾಶ, ನೀರು, ಮರಳು.

ಕಂಡದ್ದನ್ನು ಕಂಡಂತೆ ಬಿಡಿಸದೆ ಇರುವುದು ಹೊರಗಿನಿಂದ ಬಂದ ಹೊಸ ಫ್ಯಾಷನ್ ಎಂದು ಕೆಲವರಿಗೆ ಅನಿಸುತ್ತದೆ. ವಿಜಯಪುರದವರು ಹಾಗೆ ಅಂದುಕೊಳ್ಳಬೇಕಿಲ್ಲ. ಎರಡನೇ ಇಬ್ರಾಹಿಂ ಆದಿಲ್‌ಶಾಹ ಆಳಿದ 1580ರಿಂದ 1627ರ ನಡುವೆ ಅಲ್ಲಿ ಅರಳಿದ ಕಿರುಚಿತ್ರಕಲೆಗೆ ಜಗತ್ತಿನ ದೊಡ್ಡ ಸಂಗ್ರಹಾಲಯಗಳಲ್ಲಿ ಜಾಗವಿದೆ. ಕೈಮೇಲೆ ಮೈನಾ ಹಕ್ಕಿ ಕೂರಿಸಿಕೊಂಡ ಯೋಗಿನಿಯ ಚಿತ್ರ ಈಗ ಐರ್ಲೆಂಡಿನ ಡಬ್ಲಿನ್‌ನಲ್ಲಿದೆ. ಅದರಲ್ಲಿ ಯೋಗಿನಿಯ ಪಕ್ಕದ ಹೂವುಗಳು ಅಳತೆ ಮೀರಿ ದೊಡ್ಡವು, ಹಿಂದಿನ ಅರಮನೆ ಪುಟ್ಟದು. ಅಂಥ ನೆಲ ಎಲ್ಲೂ ಇಲ್ಲ. ಆದರೆ ಚಿತ್ರ ಆ ಮನಃಸ್ಥಿತಿಯನ್ನು ಹಿಡಿದಿದೆ. ಒಣಭೂಮಿಯ ಆ ರಾಜ್ಯಕ್ಕೆ ಕಡಲೂ ಇತ್ತು ಎಂಬುದು ಇನ್ನೊಂದು ಮಾತು. 1510ರಲ್ಲಿ ಪೋರ್ಚುಗೀಸರು ಕಸಿದುಕೊಳ್ಳುವವರೆಗೆ ಗೋವಾ ಬಿಜಾಪುರದ್ದೇ ಆಗಿತ್ತು.

ದೋಣಿ, ಬಲೆ, ಗಜನಿ: ಚಿತ್ರದೊಳಗಿನ ಬದುಕು

ಕರಾವಳಿ ಚಿತ್ರದಲ್ಲಿ ಕಾಣುವ ವಸ್ತುಗಳ ಹಿಂದಿನ ಸಂಗತಿ ಗೊತ್ತಿದ್ದರೆ ಚಿತ್ರ ಬೇರೆಯೇ ಆಗಿ ತೆರೆದುಕೊಳ್ಳುತ್ತದೆ.

ಡಜನ್‌ಗಟ್ಟಲೆ ಜನ ಎರಡು ಸಾಲಾಗಿ ನಿಂತು ಹಗ್ಗ ಎಳೆಯುತ್ತಿರುವ ಚಿತ್ರ ಇದ್ದರೆ ಅದು ಬಹುಶಃ ರಂಪಣಿ. ಬಹಳ ಉದ್ದದ ಬಲೆಯನ್ನು ದೋಣಿಯಲ್ಲಿ ಒಯ್ದು ಅರ್ಧವೃತ್ತವಾಗಿ ಹಾಸುತ್ತಾರೆ. ಆಮೇಲೆ ಎರಡೂ ತುದಿಯನ್ನು ದಡದಿಂದ ಎಳೆಯುತ್ತಾರೆ. ಊರಿನ ಜನರೆಲ್ಲ ಕೈ ಹಾಕುವ, ಬಂದ ಬಂಗುಡೆ ಮೀನನ್ನು ಪಾಲು ಮಾಡಿಕೊಳ್ಳುವ ಕೆಲಸ ಅದು. 1970ರ ದಶಕದ ನಡುವೆ ಪರ್ಸೀನ್ ಬೋಟುಗಳು ಬಂದವು. ಯಂತ್ರದ ಆ ದೋಣಿಗಳು ಮೀನಿನ ಹಿಂಡನ್ನು ಕಡಲಿನಲ್ಲೇ ಸುತ್ತುವರಿದು ಹಿಡಿಯತೊಡಗಿದ ಮೇಲೆ ದಡಕ್ಕೆ ಬರುವ ಮೀನು ಕಡಿಮೆಯಾಯಿತು, ರಂಪಣಿ ಹಿಂದೆ ಸರಿಯಿತು. ಹಾಗಾಗಿ ಇವತ್ತು ಒಬ್ಬರು ರಂಪಣಿಯನ್ನು ದೊಡ್ಡ ಕ್ಯಾನ್ವಾಸಿನಲ್ಲಿ ಬಿಡಿಸಿದ್ದರೆ ಅದರಲ್ಲಿ ಒಂದು ನೆನಪು ಸೇರಿರುತ್ತದೆ.

ಬಂದರಿನಲ್ಲಿ ಬೋಟುಗಳು ಒತ್ತೊತ್ತಾಗಿ ನಿಂತಿರುವ, ಮೇಲೆ ಕಪ್ಪು ಮೋಡವಿರುವ ಚಿತ್ರ ಕಂಡರೆ ತಿಂಗಳು ಊಹಿಸಬಹುದು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಂತ್ರದ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಮೀನು ಮೊಟ್ಟೆ ಇಡುವ ಕಾಲ ಅದು, ಕಡಲೂ ಒರಟಾಗಿರುತ್ತದೆ. ಆ ಎರಡು ತಿಂಗಳು ದಡದಲ್ಲಿ ಬಲೆ ಹೆಣೆಯುವುದು, ದೋಣಿ ರಿಪೇರಿ ಮಾಡುವುದು ನಡೆಯುತ್ತದೆ. ಕಲಾವಿದರಿಗೆ ದೋಣಿಗಳು ಅಲುಗಾಡದೆ ಸಿಗುವ ಸಮಯವೂ ಅದೇ.

ಅಘನಾಶಿನಿ ನದಿಯ ಅಳಿವೆಯನ್ನು, ಅಂದರೆ ನದಿ ಕಡಲು ಸೇರುವ ಜಾಗವನ್ನು, ಕಲಾವಿದರು ಮತ್ತೆ ಮತ್ತೆ ಹುಡುಕಿಕೊಂಡು ಹೋಗುತ್ತಾರೆ. ಅಲ್ಲಿ ಅಣೆಕಟ್ಟು ತಡೆಯದ ನದಿ, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು, ಇಳಿತದ ಹೊತ್ತಿಗೆ ಕೆಸರಿನಲ್ಲಿ ಬಳಚು ಎಂಬ ಚಿಪ್ಪುಮೀನು ಆರಿಸುವ ಹೆಂಗಸರು, ಸಾಣಿಕಟ್ಟೆಯ ಉಪ್ಪಿನ ಗದ್ದೆಗಳು ಎಲ್ಲ ಒಂದೇ ನೋಟಕ್ಕೆ ಸಿಗುತ್ತವೆ. ಗಜನಿ ಎಂಬ ತಗ್ಗು ಗದ್ದೆಗಳಲ್ಲಿ ಮಳೆಗಾಲದ ಸಿಹಿನೀರು ಉಪ್ಪನ್ನು ತೊಳೆದಾಗ ಕಗ್ಗ ಎಂಬ ಭತ್ತ ಬೆಳೆಯುತ್ತಾರೆ. ಉಪ್ಪುನೀರು ನುಗ್ಗಿದರೂ ಅದು ತಡೆದುಕೊಳ್ಳುತ್ತದೆ. ಕೊಯ್ಲು ಮುಗಿದ ಮೇಲೆ ಅದೇ ಗದ್ದೆಗೆ ಉಪ್ಪುನೀರು ಬಿಟ್ಟು ಸಿಗಡಿ, ಮೀನು ಹಿಡಿಯುತ್ತಾರೆ. ಅಂದರೆ ಒಂದೇ ಜಾಗವನ್ನು ಇಬ್ಬರು ಕಲಾವಿದರು ಬೇರೆ ತಿಂಗಳಲ್ಲಿ ಬಿಡಿಸಿದ್ದರೆ ಒಬ್ಬರದ್ದರಲ್ಲಿ ಹಸಿರು ಹೊಲ, ಇನ್ನೊಬ್ಬರದ್ದರಲ್ಲಿ ಹೊಳೆಯುವ ನೀರು. 2024ರ ಜನವರಿಯಲ್ಲಿ ಈ ಅಳಿವೆಗೆ ರಾಮ್ಸಾರ್ ತಾಣ ಎಂಬ ಮಾನ್ಯತೆ ಸಿಕ್ಕಿತು. ಜೌಗು ನೆಲಗಳನ್ನು ಕಾಪಾಡುವ ಅಂತಾರಾಷ್ಟ್ರೀಯ ಒಪ್ಪಂದದಡಿ ಸಿಗುವ ಮಾನ್ಯತೆ ಅದು.

ಎಲ್ಲ ಚಿತ್ರಗಳೂ ಚಂದದ್ದನ್ನೇ ತೋರಿಸಬೇಕೆಂದಿಲ್ಲ. ಅಲೆಯ ಕೊರೆತ ತಡೆಯಲು ಸುರಿದ ಕಲ್ಲುಬಂಡೆಗಳ ತಡೆಗೋಡೆ, ಹರಿದ ನೈಲಾನ್ ಬಲೆಗೆ ಸಿಕ್ಕ ಪ್ಲಾಸ್ಟಿಕ್ ಬಾಟಲಿ ಇವೂ ಇವತ್ತಿನ ತೀರದ ಭೂದೃಶ್ಯವೇ. ಇವನ್ನು ಬಿಡಿಸಿದ ಕಲಾವಿದರ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು ಎಂದು ನನಗೆ ಅನಿಸುತ್ತದೆ. ಸೂರ್ಯಾಸ್ತಕ್ಕೆ ಮೆಚ್ಚುಗೆ ತಾನಾಗಿ ಬರುತ್ತದೆ, ಇದಕ್ಕೆ ಬರುವುದಿಲ್ಲ.

ಜಲವರ್ಣ, ತೈಲವರ್ಣ, ಅಕ್ರಿಲಿಕ್

ಚಿತ್ರದ ಪಕ್ಕದ ಚೀಟಿಯಲ್ಲಿ ಕಲಾವಿದರ ಹೆಸರು, ಚಿತ್ರದ ಹೆಸರು, ಮಾಧ್ಯಮ, ಅಳತೆ, ವರ್ಷ ಇರುತ್ತದೆ. ಮಾಧ್ಯಮ ಎಂದರೆ ಏನು ಬಳಸಿ ಯಾವುದರ ಮೇಲೆ ಬಿಡಿಸಿದ್ದು ಎಂದು.

ಜಲವರ್ಣ ಪಾರದರ್ಶಕ. ಅದರಲ್ಲಿ ಬಿಳಿ ಬೇಕಾದರೆ ಬಳಿಯುವಂತಿಲ್ಲ. ಕಾಗದವನ್ನು ಖಾಲಿ ಬಿಡಬೇಕು. ಅಲೆಯ ನೊರೆ, ನೀರಿನ ಮೇಲಿನ ಹೊಳಪು ಎಲ್ಲ ಬಣ್ಣ ಮುಟ್ಟದ ಕಾಗದ. ಎಲ್ಲಿ ಮುಟ್ಟಬಾರದು ಎಂದು ಶುರುವಿನಲ್ಲೇ ತೀರ್ಮಾನ ಆಗಿರಬೇಕು, ತಿದ್ದಲು ಅವಕಾಶ ಕಡಿಮೆ. ಬಯಲುಸೀಮೆಯ ಬೇಸಿಗೆಯಲ್ಲಿ ಬಣ್ಣ ಬಳಿಯುತ್ತಿದ್ದಂತೆ ಒಣಗುತ್ತದೆ. ಕಡಲ ಬದಿಯಲ್ಲಿ ತೇವದಿಂದಾಗಿ ಬಹಳ ಹೊತ್ತು ಹಸಿಯಾಗಿರುತ್ತದೆ, ಒಂದು ಬಣ್ಣ ಇನ್ನೊಂದಕ್ಕೆ ಹರಿಯುತ್ತದೆ. ಮೋಡಕ್ಕೆ ಅದು ವರ, ದೋಣಿಯ ಅಂಚಿಗೆ ಶಾಪ.

ತೈಲವರ್ಣ ನಿಧಾನ. ಎಣ್ಣೆ ಆರಿ ಹೋಗುವುದಿಲ್ಲ, ಗಾಳಿಯ ಆಮ್ಲಜನಕದ ಜೊತೆ ಸೇರಿ ಗಟ್ಟಿಯಾಗುತ್ತದೆ. ತೆಳು ಪದರಕ್ಕೆ ದಿನಗಳು, ದಪ್ಪ ಪದರಕ್ಕೆ ತಿಂಗಳುಗಳು. ತಿದ್ದಬಹುದು, ಕೆರೆಯಬಹುದು, ಮೇಲೆ ಮೇಲೆ ಹಾಕಬಹುದು. ಇದನ್ನು ಹೊರಗೆ ಒಯ್ಯುವುದು ಮೊದಲು ಬಹಳ ಕಷ್ಟವಿತ್ತು. 1841ರಲ್ಲಿ ಜಾನ್ ರ‍್ಯಾಂಡ್ ಎಂಬ ಅಮೆರಿಕನ್ ಚಿತ್ರಕಾರ ಹಿಂಡಿ ಬಳಸುವ ಲೋಹದ ಟ್ಯೂಬ್ ಕಂಡುಹಿಡಿದ ಮೇಲೆ ಕಲಾವಿದರು ಬಣ್ಣವನ್ನು ಚೀಲಕ್ಕೆ ಹಾಕಿಕೊಂಡು ಬಯಲಿಗೆ, ಕಡಲಿಗೆ ಹೊರಟರು.

ಅಕ್ರಿಲಿಕ್‌ಗೆ ನೀರು ಬೆರೆಸುತ್ತಾರೆ, ಬೇಗ ಒಣಗುತ್ತದೆ, ಒಣಗಿದ ಮೇಲೆ ಕರಗುವುದಿಲ್ಲ. 'ಮಿಶ್ರ ಮಾಧ್ಯಮ' ಎಂದಿದ್ದರೆ ಒಂದಕ್ಕಿಂತ ಹೆಚ್ಚು ಸಾಮಗ್ರಿ ಸೇರಿದೆ. ಬಣ್ಣದ ಜೊತೆ ನಿಜವಾದ ಮರಳು, ಬಲೆಯ ತುಂಡು, ಚಿಪ್ಪು ಕೂಡ ಇರಬಹುದು.

ಬೆಳಗಾವಿಗೂ ಕಡಲ ಚಿತ್ರಕ್ಕೂ ಇರುವ ಹಳೆಯ ದಾರಿ

ಬೆಳಗಾವಿ, ಬಿಜಾಪುರ, ಧಾರವಾಡ, ಉತ್ತರ ಕನ್ನಡ ಜಿಲ್ಲೆಗಳು 1956ರವರೆಗೆ ಮುಂಬೈ ಆಡಳಿತದಲ್ಲಿದ್ದವು. ಆದ್ದರಿಂದ ಈ ಭಾಗದ ಚಿತ್ರಕಲಾ ವಿದ್ಯಾರ್ಥಿಗಳ ಕಣ್ಣು ಮುಂಬೈನ ಜೆ.ಜೆ. ಸ್ಕೂಲ್ ಆಫ್ ಆರ್ಟ್ ಕಡೆಗಿತ್ತು. 1857ರಲ್ಲಿ ಶುರುವಾದ ಆ ಶಾಲೆಯಲ್ಲಿ ಕಣ್ಣೆದುರಿನದ್ದನ್ನು ನೋಡಿ ಬಿಡಿಸುವ ಕಲಿಕೆಗೆ ಒತ್ತು. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಚಿತ್ರಕಲಾವಿದ ಕೆ.ಕೆ. ಹೆಬ್ಬಾರರು ಕಲಿತದ್ದೂ ಅಲ್ಲೇ. ಬೆಳಗಾವಿಯಲ್ಲಿ ಕೆ.ಬಿ. ಕುಲಕರ್ಣಿಯವರು ಅನೇಕರಿಗೆ ಚಿತ್ರಕಲೆ ಕಲಿಸಿದರು. ಮುಂದೆ ದೇಶದಾದ್ಯಂತ ಹೆಸರಾದ ರವಿ ಪರಾಂಜಪೆ ಬೆಳಗಾವಿಯಲ್ಲೇ ಹುಟ್ಟಿ ಅವರ ಹತ್ತಿರ ಕಲಿತವರು.

ಕಾರವಾರದ ತೀರ ಹೊರಗಿನವರನ್ನು ಸೆಳೆದದ್ದೂ ಹೊಸದಲ್ಲ. 1883ರಲ್ಲಿ ರವೀಂದ್ರನಾಥ ಟ್ಯಾಗೋರರು ಅಲ್ಲಿಗೆ ಬಂದಿದ್ದರು. ಅವರ ಅಣ್ಣ ಸತ್ಯೇಂದ್ರನಾಥರು ಅಲ್ಲಿ ಜಿಲ್ಲಾ ನ್ಯಾಯಾಧೀಶರು. 22ರ ಹರೆಯದ ರವೀಂದ್ರರು ಅಲ್ಲಿ ಒಂದು ನಾಟಕವನ್ನೇ ಬರೆದರು.

ಮಾತನಾಡಿಸುವುದು, ಕೊಳ್ಳುವುದು

ಸಮೂಹ ಪ್ರದರ್ಶನದಲ್ಲಿ ಒಬ್ಬಿಬ್ಬರು ಕಲಾವಿದರು ಸಾಮಾನ್ಯವಾಗಿ ಅಲ್ಲೇ ಇರುತ್ತಾರೆ. 'ಇದರ ಅರ್ಥ ಏನು ಸರ್?' ಎಂದು ಕೇಳಿದರೆ ಅವರಿಗೂ ಕಷ್ಟ, ನಿಮಗೂ ಉಪಯೋಗವಿಲ್ಲ. 'ಇದು ಯಾವ ತಿಂಗಳು? ಅಲ್ಲೇ ಕುಳಿತು ಬಿಡಿಸಿದ್ದಾ? ಈ ಬಂಡೆಯನ್ನು ಮೊದಲು ಹಾಕಿದಿರೋ ನೀರನ್ನೋ?' ಎಂದು ಕೇಳಿ. ಮಾತು ತಾನಾಗಿ ಬೆಳೆಯುತ್ತದೆ. ಫೋಟೊ ತೆಗೆಯುವ ಮುನ್ನ ಒಂದು ಮಾತು ಕೇಳುವುದು ಮರ್ಯಾದೆ.

ಚೀಟಿಯ ಮೇಲೆ ಕೆಂಪು ಚುಕ್ಕೆ ಅಂಟಿಸಿದ್ದರೆ ಆ ಚಿತ್ರ ಮಾರಾಟವಾಗಿದೆ ಎಂದರ್ಥ. ಬೆಲೆ ಅಳತೆ, ಮಾಧ್ಯಮ, ಕಲಾವಿದರ ಅನುಭವ, ಫ್ರೇಮು ಇವುಗಳ ಮೇಲೆ ನಿಲ್ಲುತ್ತದೆ. ದೊಡ್ಡದು ಕೈಗೆಟುಕದಿದ್ದರೆ ಸಣ್ಣ ಸ್ಕೆಚ್‌ಗಳಿವೆಯೇ ಎಂದು ಸಂಕೋಚವಿಲ್ಲದೆ ಕೇಳಿ. ಅಚ್ಚಿನ ಚಿತ್ರಗಳಿದ್ದರೆ ಕೆಳಗೆ ಪೆನ್ಸಿಲ್‌ನಲ್ಲಿ 3/25 ಎಂಬಂಥ ಅಂಕಿ ಇರುತ್ತದೆ. ಆ ಅಚ್ಚಿನಿಂದ ತೆಗೆದದ್ದು ಒಟ್ಟು 25 ಪ್ರತಿ, ನಿಮ್ಮ ಎದುರಿನದ್ದು ಮೂರನೆಯದು. ಫೋನಿನಲ್ಲಿ, ಟೀ ಶರ್ಟ್ ಮೇಲೆ ಎಲ್ಲರೂ ನೋಡಿರುವ ಜಪಾನಿನ ಆ ದೊಡ್ಡ ಅಲೆ ಕೂಡ ಮರದ ಅಚ್ಚಿನಿಂದ ಒತ್ತಿದ್ದು. ಹೊಕುಸಾಯ್ ಎಂಬ ಕಲಾವಿದ 1831ರ ಸುಮಾರಿಗೆ ಮಾಡಿದ ಚಿತ್ರ ಅದು.

ಜಲವರ್ಣ ಕೊಂಡರೆ ಗಾಜಿಗೂ ಕಾಗದಕ್ಕೂ ನಡುವೆ ಮೌಂಟ್ ಬೋರ್ಡ್, ಅಂದರೆ ಚಿತ್ರದ ಸುತ್ತ ಇಡುವ ದಪ್ಪ ರಟ್ಟಿನ ಚೌಕಟ್ಟು, ಇದೆಯೇ ನೋಡಿ. ಇಲ್ಲದಿದ್ದರೆ ಕಾಗದ ಗಾಜಿಗೆ ಅಂಟಿ ಬೂಸ್ಟು ಹಿಡಿಯಬಹುದು. ಮನೆಯಲ್ಲಿ ನೇರ ಬಿಸಿಲು ಬೀಳುವ ಗೋಡೆಗೆ ಅದನ್ನು ಹಾಕಬೇಡಿ, ವರ್ಷಗಳು ಕಳೆದಂತೆ ಬಣ್ಣ ಮಾಸುತ್ತದೆ. ಚಿತ್ರದ ನಡುಭಾಗ ನೆಲದಿಂದ 57ರಿಂದ 60 ಇಂಚು ಎತ್ತರದಲ್ಲಿದ್ದರೆ ನಿಂತು ನೋಡಲು ಅನುಕೂಲ. ಗ್ಯಾಲರಿಗಳಲ್ಲೂ ಹೆಚ್ಚಾಗಿ ಅದೇ ಲೆಕ್ಕ.